2 ಅಡಿ ಗಿಡದ ಟ್ಯಾಂಕಿಗೆ ಸಣ್ಣ ಗುಂಪಿನ ಮೀನು ಯಾವುದು? ಹತ್ತು ನಿಯಾನ್‌ನಲ್ಲಿ ಉಳಿದಿರುವುದು ಎರಡು

ಬೋಗಾದಿ ಬಕೆಟ್

ನಮಸ್ಕಾರ ಎಲ್ಲರಿಗೂ. ಇಲ್ಲಿ ಓದುವುದು ಜಾಸ್ತಿ, ಬರೆಯುವುದು ಇದೇ ಮೊದಲು.

ಬೋಗಾದಿ ಕಡೆ ನಮ್ಮ ಮನೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಇಟ್ಟು ಮೂರು ತಿಂಗಳಾಯಿತು. ಗಿಡ ಚೆನ್ನಾಗಿ ಹಿಡಿದುಕೊಂಡಿವೆ. ಹಿಂದುಗಡೆ ವ್ಯಾಲಿಸ್ನೇರಿಯಾ ಬೇಲಿ ಥರ ಎದ್ದು ನಿಂತಿದೆ. ಮರದ ತುಂಡಿಗೆ ಅನುಬಿಯಾಸ್ ಕಟ್ಟಿದ್ದೇನೆ, ಮುಂದೆ ನಾಲ್ಕು ಬುಡ ಕ್ರಿಪ್ಟೊಕೊರೈನ್ ಇದೆ.

ಮೂರು ವಾರದ ಹಿಂದೆ ಹತ್ತು ನಿಯಾನ್ ಟೆಟ್ರಾ ತಂದೆ. ರಾತ್ರಿ ಚೆನ್ನಾಗಿ ಓಡಾಡಿಕೊಂಡಿದ್ದವು. ಬೆಳಿಗ್ಗೆ ಎದ್ದರೆ ಎರಡು ತೇಲುತ್ತಿದ್ದವು. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ ಒಂದೊಂದೇ ಹೋದವು. ಈಗ ಇರುವುದು ಎರಡೇ. ಅಂಗಡಿಯವರು "ನೀಲಿ ಔಷಧ ನಾಲ್ಕು ಹನಿ ಬಿಡಿ ಸಾರ್, ಸರಿಹೋಗುತ್ತೆ" ಅಂದರು. ಗಿಡಕ್ಕೆ ಏನಾಗುತ್ತೋ ಅಂತ ಬಿಡಲಿಲ್ಲ. ಅಮ್ಮ ಅಂತೂ "ಬೆಳಿಗ್ಗೆ ಎದ್ದ ತಕ್ಷಣ ಸತ್ತ ಮೀನು ಎತ್ತೋದು ನೋಡಕ್ಕಾಗಲ್ಲ, ಗಿಡ ಒಂದೇ ಸಾಕು ಬಿಡೋ" ಅಂತಿದ್ದಾರೆ.

ನನಗೆ ಬೇಕಾಗಿರುವುದು ಗುಂಪಾಗಿ ಓಡಾಡುವ ಸಣ್ಣ ಮೀನು. ಗಿಡ ತಿನ್ನಬಾರದು, ಜಗಳ ಆಡಬಾರದು, ನಮ್ಮ ಮೈಸೂರಿನ ನೀರಿಗೆ ಒಗ್ಗಬೇಕು. ಯಾವುದು ತರಲಿ?

ಕುವೆಂಪುನಗರ ಕಾರ್ಡಿನಲ್

ನಿಯಾನ್ ಬಿಟ್ಟು ಕಾರ್ಡಿನಲ್ ಟೆಟ್ರಾ ತನ್ನಿ. ನೋಡಲು ಅಣ್ಣ ತಮ್ಮನ ಥರ ಇರುತ್ತವೆ. ನಿಯಾನ್‌ಗೆ ಕೆಂಪು ಪಟ್ಟೆ ಹೊಟ್ಟೆಯ ಮಧ್ಯದಿಂದ ಬಾಲದವರೆಗೆ ಮಾತ್ರ. ಕಾರ್ಡಿನಲ್‌ಗೆ ತಲೆಯಿಂದ ಬಾಲದವರೆಗೂ ಕೆಂಪು.

ಇನ್ನೊಂದು ವಿಷಯ, ಬಿಸಿ. ನಿಯಾನ್‌ಗೆ 21ರಿಂದ 25 ಡಿಗ್ರಿ ಇದ್ದರೆ ಹಿತ. ಏಪ್ರಿಲ್‌ನಲ್ಲಿ ನನ್ನ ಟ್ಯಾಂಕ್ 30 ಮುಟ್ಟುತ್ತದೆ. ಕಾರ್ಡಿನಲ್ 28ರಲ್ಲೂ ಆರಾಮವಾಗಿರುತ್ತದೆ. ನನ್ನ ಹತ್ತಿರ ಹದಿನೈದು ಇವೆ, ಎರಡು ವರ್ಷ ಆಯಿತು.

ಮಂಡ್ಯ ಬೆಲ್ಲ

ಗಪ್ಪಿ ಬಿಡಿ ಸಾರ್. ಸಾಯಲ್ಲ. ಸತ್ತರೂ ಅಷ್ಟರಲ್ಲಿ ಐವತ್ತು ಮರಿ ಹಾಕಿರುತ್ತೆ.

ಪಾಚಿ ಪುರಾಣ

ಬೆಲ್ಲ ಅವರೇ, ಅವರು ಕೇಳಿದ್ದು ಗುಂಪು ಮೀನು. ಗಪ್ಪಿ ಟೆಟ್ರಾ ಥರ ಬಿಗಿಯಾಗಿ ಗುಂಪು ಕಟ್ಟುವುದಿಲ್ಲ, ಸಂತೆಯಲ್ಲಿ ಜನ ಸೇರಿದ ಹಾಗೆ ಸುಮ್ನೆ ಒಟ್ಟಿಗೆ ಇರುತ್ತದೆ. ಗಂಡುಗಳು ಇಡೀ ದಿನ ಹೆಣ್ಣಿನ ಹಿಂದೆ ಸುತ್ತುತ್ತವೆ, ಅಷ್ಟೇ.

ಮಂಡ್ಯ ಬೆಲ್ಲ

ನಮ್ಮೂರ ಬಸ್ ಸ್ಟ್ಯಾಂಡೂ ಹಂಗೇ ಕಣಣ್ಣ 😄

ಟೆಟ್ರಾ ತಾತ

ಸ್ವಲ್ಪ ತಾಳಿ. ಎಂಟು ಮೀನು ಯಾಕೆ ಸತ್ತವು ಅಂತ ಗೊತ್ತಾಗದೆ ಹೊಸ ಮೀನು ತಂದರೆ, ಅವೂ ಅದೇ ದಾರಿ ಹಿಡಿಯುತ್ತವೆ. ಬಕೆಟ್ ಅವರೇ, ಇಷ್ಟು ಹೇಳಿ: ಟ್ಯಾಂಕಿಗೆ ಯಾವ ನೀರು ಹಾಕುತ್ತೀರಿ? ವಾರಕ್ಕೆ ಎಷ್ಟು ಬದಲಾಯಿಸುತ್ತೀರಿ? ಫಿಲ್ಟರ್ ಸ್ಪಂಜನ್ನು ಎಲ್ಲಿ, ಹೇಗೆ ತೊಳೆಯುತ್ತೀರಿ? ಮೀನು ಬಿಡುವ ಮುಂಚೆ ಟ್ಯಾಂಕಿನಲ್ಲಿ ಬೇರೆ ಯಾವುದಾದರೂ ಮೀನು ಇತ್ತಾ?

ನೀಲಿ ಔಷಧ ಹಾಕದೆ ಇದ್ದಿದ್ದು ಒಳ್ಳೆಯದಾಯಿತು. ಮೆಥಿಲೀನ್ ಬ್ಲೂ ಗಿಡಕ್ಕೂ ಒಳ್ಳೆಯದಲ್ಲ, ಫಿಲ್ಟರ್‌ನಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಒಳ್ಳೆಯದಲ್ಲ. ಅದನ್ನು ಬೇರೆ ಬಕೆಟ್‌ನಲ್ಲಿ, ಕಾಯಿಲೆ ಬಿದ್ದ ಮೀನಿಗೆ ಮಾತ್ರ ಬಳಸಬೇಕು.

ಬೋಗಾದಿ ಬಕೆಟ್

ತಾತ, ನೀರು ಓವರ್‌ಹೆಡ್ ಟ್ಯಾಂಕಿನಿಂದ ಬರುವ ನಲ್ಲಿ ನೀರು. ಭಾನುವಾರ ಅರ್ಧ ಟ್ಯಾಂಕ್ ತೆಗೆದು ಹೊಸದು ತುಂಬುತ್ತೇನೆ. ಸ್ಪಂಜನ್ನೂ ಅವತ್ತೇ ಅದೇ ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗಾಗುವವರೆಗೆ ತೊಳೆಯುತ್ತೇನೆ. ಮುಂಚೆ ಮೀನು ಇರಲಿಲ್ಲ, ಬರೀ ಗಿಡ.

ಪಾಚಿ ಪುರಾಣ

ಅಯ್ಯೋ, ಸ್ಪಂಜ್!

ಬೆಳ್ಳಗಾಗುವವರೆಗೆ ತೊಳೆದರೆ ಅದರಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ ಎಲ್ಲಾ ಚರಂಡಿಗೆ ಹೋದ ಹಾಗೆ. ಮೀನಿನ ಕಿವಿರಿನಿಂದ, ಹೇಲಿನಿಂದ ಅಮೋನಿಯಾ ಬರುತ್ತದೆ. ಅದನ್ನು ಒಂದು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ, ಕೊನೆಯದನ್ನು ಗಿಡ ತಿನ್ನುತ್ತದೆ. ಈ ಬ್ಯಾಕ್ಟೀರಿಯಾ ಕೂರುವುದಕ್ಕೆ ನಾಲ್ಕರಿಂದ ಆರು ವಾರ ಬೇಕು, ಅದೂ ತಿನ್ನಲು ಅಮೋನಿಯಾ ಇದ್ದರೆ ಮಾತ್ರ. ಎರಡು ತಿಂಗಳಿಗೂ ಹೆಚ್ಚು ಮೀನೇ ಇಲ್ಲದ ಟ್ಯಾಂಕಿಗೆ ಒಂದೇ ಸಲ ಹತ್ತು ಮೀನು ಬಿಟ್ಟಿದ್ದೀರಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ, ಸಾಕು. ಕೊಳಕಾಗಿ ಕಂಡರೂ ಪರವಾಗಿಲ್ಲ.

ಅಮೋನಿಯಾ ಟೆಸ್ಟ್ ಕಿಟ್ ತಂದು ನೋಡಿ. ಕೇಸ್ ಕ್ಲೋಸ್.

ಟೆಟ್ರಾ ತಾತ

ಕ್ಲೋಸ್ ಆಗಿಲ್ಲಪ್ಪ. ಗಿಡ ಅಷ್ಟು ದಟ್ಟವಾಗಿದ್ದರೆ ಹತ್ತು ಸಣ್ಣ ಮೀನಿನ ಅಮೋನಿಯಾವನ್ನು ಗಿಡವೇ ಎಳೆದುಕೊಳ್ಳುತ್ತದೆ. ಸ್ಪಂಜ್ ತಪ್ಪು ಅನ್ನುವುದು ನಿಜ, ಆದರೆ ನನ್ನ ಅನುಮಾನ ಬೇರೆ ಕಡೆ ಇದೆ.

ಬಕೆಟ್ ಅವರೇ, ಆ ಓವರ್‌ಹೆಡ್ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ? ಸಂಪಿನಿಂದ ತಾನೇ? ಸಂಪಿಗೆ ಕಾವೇರಿ ನೀರು ಒಂದೇನಾ, ಬೋರ್ ನೀರೂ ಸೇರುತ್ತದಾ?

ಬೋಗಾದಿ ಬಕೆಟ್

ಎರಡೂ. ನೀರು ಬಿಟ್ಟ ದಿನ ಕಾವೇರಿ ತುಂಬುತ್ತದೆ. ಸಾಲದಿದ್ದರೆ ಬೋರ್ ಆನ್ ಮಾಡುತ್ತೇವೆ. ಅದರಲ್ಲಿ ಏನಿದೆ?

ಟೆಟ್ರಾ ತಾತ

ಎಲ್ಲಾ ಅದರಲ್ಲೇ ಇದೆ. ಒಂದು ಟಿಡಿಎಸ್ ಪೆನ್ ತನ್ನಿ, ದುಬಾರಿ ಅಲ್ಲ. ಏಳು ದಿನ ಒಂದೇ ನಲ್ಲಿಯಿಂದ ಒಂದೊಂದು ಲೋಟ ಹಿಡಿದು ಅಳೆದು ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಮೀನು ತರಬೇಡಿ. ನೀರೂ ಬದಲಾಯಿಸಬೇಡಿ.

ಗಡಸು ಗೀಸರ್

ಒಂದು ತಿದ್ದುಪಡಿ. ಟಿಡಿಎಸ್ ಪೆನ್ ಗಡಸುತನ ಅಳೆಯುವುದಿಲ್ಲ. ನೀರಿನಲ್ಲಿ ಕರಗಿರುವ ಎಲ್ಲಾ ಉಪ್ಪಿನಂಶವನ್ನೂ ಒಟ್ಟಾಗಿ ತೋರಿಸುತ್ತದೆ. ಗಡಸುತನಕ್ಕೆ ಜಿಎಚ್ ಕಿಟ್ ಬೇಕು.

ಟೆಟ್ರಾ ತಾತ

ಸರಿ, ಒಪ್ಪಿದೆ. ಆದರೆ ನೀರು ದಿನಕ್ಕೊಂದು ಥರ ಕುಣಿಯುತ್ತಿದೆಯಾ ಅಂತ ನೋಡಲು ಪೆನ್ ಸಾಕು. ನಮ್ಮ ಮನೆಯಲ್ಲಿ ಬೋರ್ ನೀರಿನ ದಿನ ಸ್ಟೀಲ್ ಸಿಂಕ್ ಮೇಲೆ ಬಿಳಿ ಕಲೆ ಬೀಳುತ್ತದೆ, ಕಾವೇರಿ ದಿನ ಬೀಳುವುದಿಲ್ಲ. ಪೆನ್ ಇಲ್ಲದವರು ಸಿಂಕ್ ನೋಡಿದರೂ ಆಯಿತು.

ಶ್ರೀರಂಗಪಟ್ಟಣದ ಗಾಳ

ಅವರು ಅಳೆಯುವಷ್ಟರಲ್ಲಿ ನಾನೊಂದು ಹೇಳಿಬಿಡುತ್ತೇನೆ. ಎಲ್ಲರೂ ಅಮೆಜಾನ್ ಕಡೆಯ ಮೀನಿನ ಹಿಂದೆ ಬೀಳುತ್ತೀರಿ, ನಮ್ಮ ಕಡೆ ಮೀನು ಕಣ್ಣಿಗೆ ಕಾಣುವುದಿಲ್ಲ. ಜೀಬ್ರಾ ಡ್ಯಾನಿಯೊ ನಮ್ಮ ಉಪಖಂಡದ್ದೇ. ಹೊಲದ ಕಾಲುವೆ, ಸಣ್ಣ ತೊರೆಗಳಲ್ಲಿ ಬದುಕುವ ಮೀನು. ಬಿಸಿ ತಾಳುತ್ತದೆ, ಚಳಿ ತಾಳುತ್ತದೆ, ಗಡಸು ನೀರೂ ತಾಳುತ್ತದೆ. ಡಿಸೆಂಬರ್ ರಾತ್ರಿ ಮೈಸೂರಿನಲ್ಲಿ ಹೀಟರ್ ಇಲ್ಲದಿದ್ದರೂ ನಡೆಯುತ್ತದೆ. ಕಾರ್ಡಿನಲ್‌ಗೆ ಆ ಚಳಿಯಲ್ಲಿ ಹೀಟರ್ ಇಲ್ಲದೆ ಆಗುವುದಿಲ್ಲ, ಅದನ್ನು ಕುವೆಂಪುನಗರದವರು ಹೇಳಲೇ ಇಲ್ಲ.

ಪ್ರಪಂಚದ ಲ್ಯಾಬ್‌ಗಳೆಲ್ಲ ಇದೇ ಮೀನನ್ನು ಸಾಕುತ್ತವೆ. 2013ರಲ್ಲಿ ಇದರ ಪೂರ್ತಿ ಜೀನೋಮ್ ಪ್ರಕಟವಾಯಿತು. ಮನುಷ್ಯನ ಜೀನ್‌ಗಳಲ್ಲಿ ಸುಮಾರು ಶೇ. 70ಕ್ಕೆ ಈ ಮೀನಿನಲ್ಲಿ ಜೋಡಿ ಇದೆ.

ಕುವೆಂಪುನಗರ ಕಾರ್ಡಿನಲ್

ಹೀಟರ್ ಬೇಕು, ನಿಜ. ಡಿಸೆಂಬರ್, ಜನವರಿ ಎರಡು ತಿಂಗಳು ಹಾಕುತ್ತೇನೆ. ಮರೆತಿದ್ದೆ, ಕ್ಷಮಿಸಿ.

ಆದರೆ ಜೀಬ್ರಾ 2 ಅಡಿ ಟ್ಯಾಂಕಿನಲ್ಲಿ ಒಂದು ಕ್ಷಣ ನಿಲ್ಲುವುದಿಲ್ಲ. ಈ ತುದಿಯಿಂದ ಆ ತುದಿಗೆ ಓಟ. ಗಿಡದ ಟ್ಯಾಂಕ್ ಇಡುವುದು ಸಂಜೆ ಕೂತು ಸುಮ್ನೆ ನೋಡೋಣ ಅಂತ. ಜೀಬ್ರಾ ನೋಡುತ್ತಾ ಕೂತರೆ ರಿಂಗ್ ರೋಡ್ ಪಕ್ಕ ಕೂತ ಹಾಗಿರುತ್ತದೆ.

ಶ್ರೀರಂಗಪಟ್ಟಣದ ಗಾಳ

ಅದು ನೋಡುವವರ ಮನಸ್ಸು. ಮುಚ್ಚಳ ಮಾತ್ರ ಬೇಕು, ಹಾರುತ್ತವೆ. ನನ್ನ ಒಂದು ಮೀನು ಟಿವಿ ಸ್ಟ್ಯಾಂಡ್ ಹಿಂದೆ ಒಣಗಿದ ಬೇವಿನ ಎಲೆ ಥರ ಸಿಕ್ಕಿತ್ತು.

ಜೆಪಿನಗರದ ಅಪ್ಪ

ನಮ್ಮ ಕಾವೇರಿ ಮೀನು ಅಂದಿರಲ್ಲ, ಆ ಮಿಸ್ ಕೇರಳ ಅಂತ ಒಂದು ಬರುತ್ತೆ. ಕೆಂಪು ಗೀಟು, ಕಪ್ಪು ಗೀಟು. ಅದು ಆಗುತ್ತಾ?

ಶ್ರೀರಂಗಪಟ್ಟಣದ ಗಾಳ

ಅದು ಕಾವೇರಿದಲ್ಲ. ಡೆನಿಸನ್ ಬಾರ್ಬ್, ಪಶ್ಚಿಮ ಘಟ್ಟದಿಂದ ಪಡುವಣಕ್ಕೆ ಹರಿಯುವ ಹೊಳೆಗಳದ್ದು. ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ, ಆಮೇಲೆ ಅಂಗೈ ಉದ್ದ ಆಗುತ್ತದೆ. ನಾಲ್ಕು ಅಡಿ ಟ್ಯಾಂಕಿಗಿಂತ ಕಮ್ಮಿ ಆದರೆ ಬೇಡ. ಜೊತೆಗೆ ಅದು ಅಳಿವಿನಂಚಿನ ಮೀನು, ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ. ತಂದರೂ ಫಾರ್ಮಿನಲ್ಲಿ ಮರಿ ಮಾಡಿಸಿದ್ದೇ ಅಂತ ಕೇಳಿ ತನ್ನಿ.

ಜೆಪಿನಗರದ ಅಪ್ಪ

ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ನನ್ನ ಮಗಳಿಗೆ ಪಿಂಕ್ ಟೆಟ್ರಾ ಬೇಕಂತೆ. ಹಸಿರು, ನೇರಳೆ ಎಲ್ಲಾ ಬಣ್ಣದಲ್ಲೂ ಇದ್ದವು. ಗಿಡದ ಜೊತೆ ಚೆನ್ನಾಗಿ ಕಾಣುತ್ತೆ ಅಲ್ವಾ?

ಸರಸ್ವತಿಪುರಂ ಸೊಸೆ

ಅದು ವಿಡೋ ಟೆಟ್ರಾ. ಹುಟ್ಟು ಬಣ್ಣ ಬೂದು, ಕಪ್ಪು. ಎಷ್ಟೋ ಮೀನಿಗೆ ಬಣ್ಣದ ನೀರಿನಲ್ಲಿ ಅದ್ದಿ, ಇಲ್ಲಾ ಸೂಜಿಯಲ್ಲಿ ಚುಚ್ಚಿ ಬಣ್ಣ ಕಟ್ಟುತ್ತಾರೆ. ಕೆಲವು ತಿಂಗಳಲ್ಲಿ ಮಾಸಿ ಹೋಗುತ್ತದೆ. ನಮ್ಮ ಮನೆಗೆ ಒಬ್ಬರು ಗಿಫ್ಟ್ ಕೊಟ್ಟಿದ್ದರು. ಮೂರನೇ ತಿಂಗಳಿಗೆ ಮಕ್ಕಳು "ಅಮ್ಮಾ, ಮೀನು ಬಣ್ಣ ಬಿಡ್ತಿದೆ, ಸ್ಕೂಲ್ ಯೂನಿಫಾರಂ ಥರ" ಅಂತ ಬಂದವು. ಮಗಳಿಗೆ ನಿಜವಾದ ಬಣ್ಣದ್ದು ಕೊಡಿಸಿ. ಚೆರ್ರಿ ಬಾರ್ಬ್ ಗಂಡು ಒಳ್ಳೆ ಕೆಂಪು, ಶ್ರೀಲಂಕಾದ ಮೀನು, ಸಾಧು.

ಐದೈದು

ನಾನಾದರೆ ಐದು ನಿಯಾನ್, ಐದು ಎಂಬರ್, ಐದು ರಮ್ಮಿನೋಸ್, ಐದು ಜೀಬ್ರಾ ಹಾಕುತ್ತೇನೆ. ಟ್ಯಾಂಕ್ ತುಂಬಾ ಬಣ್ಣ.

ಪಾಚಿ ಪುರಾಣ

ಮದುವೆ ಮನೆ ಎಲೆ ಅಂದುಕೊಂಡಿರಾ, ಕೋಸಂಬರಿ ಒಂದು ಚೂರು, ಪಲ್ಯ ಒಂದು ಚೂರು ಬಡಿಸಕ್ಕೆ? 2 ಅಡಿ ಟ್ಯಾಂಕಿನಲ್ಲಿ ಮಣ್ಣು, ಕಲ್ಲು ಕಳೆದರೆ ನೀರು ಸುಮಾರು 45 ಲೀಟರ್. ಇಪ್ಪತ್ತು ಮೀನು, ನಾಲ್ಕು ಜಾತಿ! ಐದೈದು ಹಾಕಿದರೆ ಯಾವುದೂ ಗುಂಪು ಕಟ್ಟಲ್ಲ. ಹೆದರಿಕೊಂಡು ಮೂಲೆ ಸೇರುತ್ತವೆ.

ಆರು ಅಂತ ಎಲ್ಲರೂ ಹೇಳುತ್ತಾರೆ. ಅದು ಕನಿಷ್ಠ. ಹತ್ತು ಹನ್ನೆರಡು ಒಂದೇ ಜಾತಿ ಇದ್ದರೆ ಅವುಗಳ ನಡವಳಿಕೆಯೇ ಬೇರೆ. ಧೈರ್ಯ ಬರುತ್ತದೆ, ಮುಂದೆ ಬರುತ್ತವೆ, ಗಂಡುಗಳು ಬಣ್ಣ ತೋರಿಸುತ್ತವೆ.

ಐದೈದು

ಆದ್ರೂ ಅವು ಸಾಲಾಗಿ ಪೆರೇಡ್ ಥರ ಹೋಗಲ್ವಲ್ಲ. ವಿಡಿಯೋದಲ್ಲಿ ಹೋಗ್ತವೆ.

ಟೆಟ್ರಾ ತಾತ

ಅವು ಬಿಗಿಯಾಗಿ ಗುಂಪು ಕಟ್ಟುವುದು ಹೆದರಿದಾಗ. ದೊಡ್ಡ ಮೀನು ಬಂದರೆ ಯಾವುದನ್ನು ಹಿಡಿಯಬೇಕು ಅಂತ ಅದಕ್ಕೆ ಗೊಂದಲ ಆಗಲಿ ಅಂತ. ಪಕ್ಕದ ಮೀನು ಎಷ್ಟು ದೂರ ಇದೆ ಅಂತ ಕಣ್ಣಿನಿಂದಲೂ ಗೊತ್ತಾಗುತ್ತದೆ, ಮೈ ಪಕ್ಕದ ಗೀಟಿನಲ್ಲಿರುವ ಅಂಗದಿಂದಲೂ ಗೊತ್ತಾಗುತ್ತದೆ. ನೀರು ಅಲುಗಾಡಿದರೆ ಅದು ತಿಳಿಸುತ್ತದೆ. ಭಯ ಇಲ್ಲದ ಟ್ಯಾಂಕಿನಲ್ಲಿ ಚದುರಿಕೊಂಡು ಮೇಯುತ್ತವೆ. ಅದು ಒಳ್ಳೆ ಲಕ್ಷಣ. ಭಯ ಇಲ್ಲದಿದ್ದರೂ ಬಿಗಿಯಾಗಿ ಓಡಾಡುವುದು ರಮ್ಮಿನೋಸ್. ಆದರೆ ನೀರು ಸ್ವಲ್ಪ ಕೆಟ್ಟರೂ ಅದರ ಮೂತಿಯ ಕೆಂಪು ಮಂಕಾಗುತ್ತದೆ. ಹೊಸಬರಿಗೆ ಬೇಡ.

ಕುವೆಂಪುನಗರ ಕಾರ್ಡಿನಲ್

ಪೆರೇಡ್ ಆಸೆಗೆ ನಮ್ಮ ಕಸಿನ್ ಒಬ್ಬ ಒಂದು ಏಂಜೆಲ್ ಮೀನು ತಂದು ಬಿಟ್ಟ. ನಿಜವಾಗಲೂ ಪೆರೇಡ್ ಆಯಿತು. ಒಂದು ತಿಂಗಳು. ದಿನಾ ಪೆರೇಡ್ ಚಿಕ್ಕದಾಗುತ್ತಾ ಬಂತು. ಕೊನೆಗೆ ಏಂಜೆಲ್ ಒಂದೇ, ಹೊಟ್ಟೆ ಉಬ್ಬಿಸಿಕೊಂಡು.

ಮಂಡ್ಯ ಬೆಲ್ಲ

ಟೈಗರ್ ಬಾರ್ಬ್ ಯಾರೂ ಹೇಳ್ಲಿಲ್ಲ?

ಪಾಚಿ ಪುರಾಣ

ಬೇಡ ಅಂತಲೇ ಹೇಳಿಲ್ಲ. ಉದ್ದ ರೆಕ್ಕೆ ಕಂಡರೆ ಕಚ್ಚುತ್ತವೆ. ನಿಮ್ಮ ಗಪ್ಪಿಗಳ ಬಾಲ ಒಂದು ರಾತ್ರಿಗೆ ಪೊರಕೆ ಕಡ್ಡಿ.

ಸರಸ್ವತಿಪುರಂ ಸೊಸೆ

ನಾನು ಒಂದು ಹೆಸರು ಹೇಳಲಾ? ಹಾರ್ಲೆಕ್ವಿನ್ ರಾಸ್‌ಬೋರಾ. ಮಲೇಷ್ಯಾ, ಸುಮಾತ್ರಾ ಕಡೆಯದು. ಮೈ ತಾಮ್ರದ ಚೊಂಬಿನ ಬಣ್ಣ. ಹಿಂಭಾಗದಲ್ಲಿ ಕರಿ ಮಚ್ಚೆ, ಚಾಕುವಿನಿಂದ ಓರೆಯಾಗಿ ಕೊಯ್ದ ಹಾಗೆ. ಹಸಿರು ಗಿಡದ ಮುಂದೆ ಬಂದರೆ ಅದರ ಬಣ್ಣ ಎದ್ದು ಕಾಣುತ್ತದೆ. ನಿಯಾನ್‌ಗಿಂತ ಗಟ್ಟಿ. 22ರಿಂದ 27 ಡಿಗ್ರಿ ಅದಕ್ಕೆ ಹಿತ. ಓಡುವುದೂ ಇಲ್ಲ, ಮೂಲೆಯಲ್ಲಿ ಅವಿತುಕೊಳ್ಳುವುದೂ ಇಲ್ಲ. ಟ್ಯಾಂಕಿನ ನಡು ಎತ್ತರದಲ್ಲಿ ನಿಧಾನವಾಗಿ ಓಡಾಡಿಕೊಂಡಿರುತ್ತದೆ.

ಕ್ರಿಪ್ಟ್ (ಕ್ರಿಪ್ಟೊಕೊರೈನ್) ಇದೆ ಅಂದಿರಲ್ಲ, ಅದಕ್ಕೇ ಹೇಳಿದೆ. ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ, ಕಾಫಿ ಲೋಟ ಹಿಡಿದು ನಿಂತಿದ್ದೆ. ಒಂದು ಹೆಣ್ಣು ಕ್ರಿಪ್ಟ್ ಎಲೆಯ ಕೆಳಗೆ ಹೋಗಿ ಮೈ ಮಗುಚಿತು. ಹೊಟ್ಟೆ ಮೇಲೆ, ಬೆನ್ನು ಕೆಳಗೆ. ಗಂಡು ಪಕ್ಕದಲ್ಲೇ ಮಗುಚಿ ಅದರ ಮೈಗೆ ಬಾಲ ಸುತ್ತಿತು. ಎರಡು ಸೆಕೆಂಡ್. ಮತ್ತೆ ನೆಟ್ಟಗಾದವು. ಮತ್ತೆ ಮಗುಚಿದವು. ಸತ್ತೇ ಹೋಗ್ತಿವೆ ಅಂತ ನಾನು ಯಜಮಾನರನ್ನು ಕೂಗಿದೆ. ಆಮೇಲೆ ನೋಡಿದರೆ ಎಲೆಯ ಅಡಿ ಸಬ್ಬಕ್ಕಿಗಿಂತ ಎಷ್ಟೋ ಸಣ್ಣ ಮೊಟ್ಟೆಗಳು. ಅಗಲ ಎಲೆಯ ಅಡಿಗೇ ಮೊಟ್ಟೆ ಅಂಟಿಸುತ್ತವಂತೆ. ಮಧ್ಯಾಹ್ನದ ಹೊತ್ತಿಗೆ ಉಳಿದವು ಸೇರಿ ಎಲ್ಲಾ ತಿಂದು ಮುಗಿಸಿದ್ದವು, ಅದು ಬೇರೆ.

ಗಡಸು ಗೀಸರ್

ಎಂಬರ್ ಟೆಟ್ರಾ ಕೂಡ ಯೋಚಿಸಿ. ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೆಯಲ್ಲ. ಬಿಸಿ ತಡೆಯುತ್ತದೆ. ಹದಿನೈದು ಹಾಕಿದರೆ ದೀಪದ ಸಾಲಿನ ಹಾಗಿರುತ್ತೆ. ವೈಟ್ ಕ್ಲೌಡ್ ಮೀನು ಮಾತ್ರ ಬೇಡ. ಅದು ಚಳಿ ನೀರಿನದು, ನಮ್ಮ ಮಾರ್ಚ್ ದಾಟುವುದೇ ಕಷ್ಟ.

ಕುವೆಂಪುನಗರ ಕಾರ್ಡಿನಲ್

ವಿಷಯ ಬಿಟ್ಟು ಒಂದು ಮಾತು. ಕಾರ್ಡಿನಲ್‌ಗೆ 1956ರಲ್ಲಿ ಎರಡು ಕಡೆಯವರು ಎರಡು ವೈಜ್ಞಾನಿಕ ಹೆಸರು ಇಟ್ಟರು. ಒಂದು ದಿನದ ಅಂತರದಲ್ಲಿ ಮೊದಲು ಅಚ್ಚಾದ ಹೆಸರು ಗೆದ್ದಿತು. ಒಂದು ದಿನ ತಡವಾದವರ ಗತಿ ನೋಡಿ!

ಮಂಡ್ಯ ಬೆಲ್ಲ

ತತ್ಕಾಲ್ ಟಿಕೆಟ್ ಥರ.

ಬೋಗಾದಿ ಬಕೆಟ್

ಬಂದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಪೆನ್‌ನಲ್ಲಿ ಏಳು ದಿನದ ಲೆಕ್ಕ ಹೀಗಿದೆ: ಸೋಮವಾರ 190, ಮಂಗಳವಾರ 210, ಬುಧವಾರ 560, ಗುರುವಾರ 620, ಶುಕ್ರವಾರ 610, ಶನಿವಾರ 230, ಭಾನುವಾರ 480.

ನಾನು ಪೆನ್ ಕೆಟ್ಟಿದೆ ಅಂದುಕೊಂಡು ಆರ್‌ಒ ನೀರಿನಲ್ಲಿ ಅದ್ದಿ ನೋಡಿದೆ. 40 ತೋರಿಸಿತು. ಪೆನ್ ಸರಿಯಾಗೇ ಇದೆ.

ಟೆಟ್ರಾ ತಾತ

ಸಿಕ್ಕಿತು ನೋಡಿ. ನೀವು ಭಾನುವಾರ ಅರ್ಧ ಟ್ಯಾಂಕ್ ಬದಲಾಯಿಸುತ್ತೀರಿ. ಒಂದು ಭಾನುವಾರ 200ರ ನೀರು, ಇನ್ನೊಂದು ಭಾನುವಾರ 600ರ ನೀರು. ಮೀನಿನ ಮೈಯಲ್ಲಿ ಉಪ್ಪು, ನೀರಿನ ಲೆಕ್ಕ ಒಂದು ಮಟ್ಟಕ್ಕೆ ಹೊಂದಿಕೊಂಡಿರುತ್ತದೆ. ಹೊರಗಿನ ನೀರು ಇದ್ದಕ್ಕಿದ್ದಂತೆ ಬದಲಾದರೆ ಅದನ್ನು ಸರಿ ಮಾಡಿಕೊಳ್ಳುವುದಕ್ಕೇ ಮೀನು ಸುಸ್ತಾಗುತ್ತದೆ. ಅದರ ಮೇಲೆ ಅಂಗಡಿಯಿಂದ ಬಂದ ಸುಸ್ತು ಬೇರೆ. ಗಿಡಕ್ಕೆ ಇದರಿಂದ ಅಷ್ಟು ತೊಂದರೆ ಇಲ್ಲ, ಅದಕ್ಕೇ ಗಿಡ ಚೆನ್ನಾಗಿದೆ, ಮೀನು ಹೋಯಿತು.

ಫಾರ್ಮಿನಲ್ಲಿ ಹುಟ್ಟಿದ ನಿಯಾನ್ ಗಡಸು ನೀರಲ್ಲೂ ಬದುಕುತ್ತದೆ. ನನ್ನ ಹತ್ತಿರವೇ ಬದುಕಿದೆ. ಮೆದು ನೀರಾದರೂ ಸರಿ, ಗಡಸಾದರೂ ಸರಿ, ಒಂದೇ ಇರಬೇಕು.

ಪಾಚಿ ಪುರಾಣ

ಒಪ್ಪಿದೆ. ಕೇಸ್ ರೀಓಪನ್ ಮಾಡಿದ್ದಕ್ಕೆ ತಾತನಿಗೆ ನಮಸ್ಕಾರ. ಸ್ಪಂಜ್ ವಿಷಯ ಮಾತ್ರ ನನ್ನದೇ.

ಬೋಗಾದಿ ಬಕೆಟ್

ಹಾಗಾದರೆ ಆರ್‌ಒ ನೀರು ಮಾತ್ರ ಹಾಕಲಾ?

ಗಡಸು ಗೀಸರ್

ಬರೀ ಆರ್‌ಒ ಬೇಡ. ಅದರಲ್ಲಿ ಮೀನಿಗೂ ಗಿಡಕ್ಕೂ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವುದಿಲ್ಲ. ಪಿಎಚ್ ಕೂಡ ಇದ್ದಕ್ಕಿದ್ದಂತೆ ಕುಸಿಯಬಹುದು. ಬೇಸಿಗೆಯಲ್ಲಿ ಆವಿಯಾದ ನೀರನ್ನು ತುಂಬಿಸಲು ಮಾತ್ರ ಆರ್‌ಒ ಒಳ್ಳೆಯದು. ಆವಿ ಆಗುವುದು ಬರೀ ನೀರು, ಉಪ್ಪು ಉಳಿದುಕೊಳ್ಳುತ್ತದೆ. ಅದರ ಮೇಲೆ ಬೋರ್ ನೀರು ಸುರಿದರೆ ತಿಂಗಳಿಗೆ ತಿಂಗಳು ಏರುತ್ತಾ ಹೋಗುತ್ತದೆ. ಏಪ್ರಿಲ್‌ನಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆಗ ಆವಿ ಇನ್ನೂ ಜಾಸ್ತಿ.

ಸರಸ್ವತಿಪುರಂ ಸೊಸೆ

ಸಂಪಿಗೆ ಬೀಳುವ ಮುಂಚೆ ಕಾಂಪೌಂಡ್ ಹತ್ತಿರ ನೇರ ಲೈನಿನ ನಲ್ಲಿ ಒಂದು ಇರುತ್ತಲ್ಲ? ನಾವೆಲ್ಲ ಕುಡಿಯೋದಕ್ಕೆ ಅಲ್ಲೇ ಹಿಡಿಯುತ್ತೇವೆ. ನೀರು ಬಂದಾಗ ಅಲ್ಲೇ ಒಂದು ಡ್ರಮ್ ತುಂಬಿಸಿ. ಯಾವಾಗಲೂ ಅದೇ ನೀರು ಹಾಕಿ.

ಟೆಟ್ರಾ ತಾತ

ಇದೇ ಸರಿ. ಅರ್ಧ ಟ್ಯಾಂಕ್ ಬೇಡ, ವಾರಕ್ಕೆ ಕಾಲು ಭಾಗ ಸಾಕು. ಆ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಒಂದು ದಿನ ಬಾಯಿ ತೆರೆದು ಇಡಿ, ಇಲ್ಲಾ ಡಿಕ್ಲೋರಿನೇಟರ್ ಹನಿ ಹಾಕಿ.

ಬೋಗಾದಿ ಬಕೆಟ್

ನೇರ ಲೈನ್ ಇದೆ! ಅಮ್ಮ ಅಲ್ಲೇ ಬೆಳಗಿನ ಜಾವ ಎದ್ದು ಎರಡು ನೀಲಿ ಡ್ರಮ್ ತುಂಬಿಸುತ್ತಾರೆ. ಒಂದು ಕೊಡಮ್ಮ ಅಂದೆ. "ಕುಡಿಯೋ ನೀರಲ್ಲಿ ಮೀನು ಸಾಕ್ತೀಯಾ?" ಅಂತ ಬೈದರು. ಪೆನ್ ಅದ್ದಿ ಎರಡೂ ನೀರನ್ನು ತೋರಿಸಿದೆ. ಅವರಿಗೆ ಬೋರ್ ನೀರಿನ 600 ನೋಡಿ ಸಿಟ್ಟು ಬಂದು, ಈಗ ಅನ್ನಕ್ಕೂ ಡ್ರಮ್ ನೀರೇ ಅಂತಿದ್ದಾರೆ. ಡ್ರಮ್ ಸಿಗಲಿಲ್ಲ. ಹೊಸದು ತಂದೆ.

ಮೀನು ಹಾರ್ಲೆಕ್ವಿನ್ ಅಂತ ನಿರ್ಧಾರ ಮಾಡಿದೆ. ಹನ್ನೆರಡು. ಮೊದಲು ಆರು, ಎರಡು ವಾರ ಬಿಟ್ಟು ಆರು. ಕವರ್‌ನಿಂದ ಬಿಡುವಾಗ ಎರಡು ಗಂಟೆ ಹನಿ ಹನಿಯಾಗಿ ನಮ್ಮ ನೀರು ಸೇರಿಸಲಾ?

ಪಾಚಿ ಪುರಾಣ

ಹೌದು, ನಿಧಾನ ಇದ್ದಷ್ಟೂ ಒಳ್ಳೆಯದು.

ಟೆಟ್ರಾ ತಾತ

ಅದು ಮೀನು ಎಷ್ಟು ಹೊತ್ತು ಕವರ್‌ನಲ್ಲಿ ಇತ್ತು ಅನ್ನುವುದರ ಮೇಲೆ ಹೋಗುತ್ತದೆ. ಊರಿನ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ಬಂದರೆ ನಿಧಾನ ಮಾಡಿ. ಚೆನ್ನೈ ಕೊಳತ್ತೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಕವರ್ ಆದರೆ ಬೇಡ. ಉಸಿರಾಡಿ ಉಸಿರಾಡಿ ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅಮೋನಿಯಾ ಇದ್ದರೂ ಅಷ್ಟು ವಿಷ ಆಗಿರುವುದಿಲ್ಲ. ಕವರ್ ಬಿಚ್ಚಿದ ತಕ್ಷಣ ಆ ಗಾಳಿ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷ ಆಗುತ್ತದೆ. ಆಗ ಎರಡು ಗಂಟೆ ಹನಿ ಬಿಡುತ್ತಾ ಕೂತರೆ ಅದೇ ವಿಷದಲ್ಲಿ ಮೀನು ಕೂತಿರುತ್ತದೆ. ಬಿಸಿ ಸರಿಹೊಂದಿಸಿ, ಬಲೆಯಲ್ಲಿ ಎತ್ತಿ ಬೇಗ ಬಿಡಿ. ಕವರ್ ನೀರನ್ನು ಟ್ಯಾಂಕಿಗೆ ಸುರಿಯಬೇಡಿ.

ಪಾಚಿ ಪುರಾಣ

ಇದು ನನಗೂ ಗೊತ್ತಿರಲಿಲ್ಲ. ನನ್ನ ಹಳೆ ಎಂಬರ್‌ಗಳ ಆತ್ಮಕ್ಕೆ ಕ್ಷಮೆ ಕೇಳುತ್ತೇನೆ.

ಬೋಗಾದಿ ಬಕೆಟ್

ಆ ಎರಡು ನಿಯಾನ್ ಏನು ಮಾಡಲಿ? ಎರಡೇ ಇಟ್ಟುಕೊಂಡರೆ ಪಾಪ ಅನ್ನಿಸುತ್ತೆ.

ಮಂಡ್ಯ ಬೆಲ್ಲ

ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡಿ.

ಶ್ರೀರಂಗಪಟ್ಟಣದ ಗಾಳ

ದಯವಿಟ್ಟು ಬೇಡ! ಕೆರೆಗೆ, ನದಿಗೆ, ಚರಂಡಿಗೆ ಎಲ್ಲಿಗೂ ಬೇಡ. ಹೀಗೆ ಬಿಟ್ಟೇ ಸಕ್ಕರ್ ಮೀನು ನಮ್ಮ ದೇಶದ ಎಷ್ಟೋ ಕೆರೆ ನದಿಗಳಲ್ಲಿ ತುಂಬಿಕೊಂಡಿದೆ. ಮೈಯೆಲ್ಲಾ ಮುಳ್ಳು, ಬಲೆಗೆ ಸಿಕ್ಕಿದರೆ ಬಲೆ ಹರಿಯುತ್ತದೆ, ತಿನ್ನಲೂ ಯಾರಿಗೂ ಬೇಡ. ಟ್ಯಾಂಕ್ ಗಿಡವನ್ನೂ ಕೆರೆಗೆ ಎಸೆಯಬೇಡಿ.

ಮಂಡ್ಯ ಬೆಲ್ಲ

ತಮಾಷೆ ಮಾಡ್ದೆ ಕಣಣ್ಣ, ಬೈಬೇಡಿ.

ಕುವೆಂಪುನಗರ ಕಾರ್ಡಿನಲ್

ನನಗೆ ಕೊಡಿ. ನನ್ನ ಕಾರ್ಡಿನಲ್ ಜೊತೆ ಸೇರಿಕೊಳ್ಳುತ್ತವೆ. ಆದರೆ ಮೊದಲು ಮೂರು ವಾರ ನಿಮ್ಮಲ್ಲೇ ನೋಡಿಕೊಳ್ಳಿ. ಬೆನ್ನ ಮೇಲೆ ಬೆಳ್ಳಗೆ ಮಂಕಾದ ಮಚ್ಚೆ ಬಂದರೆ, ನೀಲಿ ಗೀಟು ಮಧ್ಯೆ ಮಧ್ಯೆ ಅಳಿಸಿದ ಹಾಗಾದರೆ ಹೇಳಿ. ಅದು ನಿಯಾನ್ ಕಾಯಿಲೆ ಇರಬಹುದು, ಅದಕ್ಕೆ ಔಷಧ ಇಲ್ಲ. ಆಗ ನನಗೆ ಬೇಡ, ನಿಮ್ಮ ಹಾರ್ಲೆಕ್ವಿನ್ ತರುವುದೂ ಬೇಡ.

ಬೋಗಾದಿ ಬಕೆಟ್

ಸರಿ, ಕಾಯುತ್ತೇನೆ.

ಬೋಗಾದಿ ಬಕೆಟ್ (ಎರಡು ತಿಂಗಳ ನಂತರ)

ಎಲ್ಲರಿಗೂ ಒಂದು ಅಪ್‌ಡೇಟ್. ನಿಯಾನ್ ಎರಡೂ ಚೆನ್ನಾಗಿದ್ದವು, ಕುವೆಂಪುನಗರಕ್ಕೆ ಹೋಗಿ ಕೊಟ್ಟು ಬಂದೆ. ಅವರ ಮನೆಯಲ್ಲಿ ಕಾಫಿ ಕುಡಿದು ಹದಿನೈದು ಕಾರ್ಡಿನಲ್ ನೋಡಿದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳಲ್ಲ.

ಹಾರ್ಲೆಕ್ವಿನ್ ಹನ್ನೆರಡು ಬಂದವು. ಒಂದೂ ಹೋಗಿಲ್ಲ. ಡ್ರಮ್ ನೀರು 180ರಿಂದ 220ರ ಒಳಗೇ ಇದೆ. ಸ್ಪಂಜ್ ನೋಡಲು ಗಲೀಜಾಗಿದೆ, ಹಾಗೇ ಬಿಟ್ಟಿದ್ದೇನೆ. ಮಗುಚಿ ಮೊಟ್ಟೆ ಇಡುವುದು ಇನ್ನೂ ನೋಡಿಲ್ಲ.

ಅಮ್ಮ ಈಗ ಬೆಳಿಗ್ಗೆ ಎದ್ದು ಮೊದಲು ಮೀನು ಎಣಿಸುತ್ತಾರೆ. ಮೊನ್ನೆ ಆರು ಗಂಟೆಗೆ ನನ್ನನ್ನು ಅಲುಗಾಡಿಸಿ ಎಬ್ಬಿಸಿದರು. "ಹನ್ನೊಂದೇ ಇದೆ ಕಣೋ." ನಿದ್ದೆಗಣ್ಣಲ್ಲೇ ಬಂದು ಎಣಿಸಿದೆ. ಅವು ನಿಂತರೆ ತಾನೇ ಲೆಕ್ಕ ಸಿಗುವುದು. ಹತ್ತು ಅಂತ ಬಂತು, ಆಮೇಲೆ ಹದಿಮೂರು ಅಂತ ಬಂತು.

ಸರಸ್ವತಿಪುರಂ ಸೊಸೆ

ಮೊಬೈಲ್‌ನಲ್ಲಿ ಫೋಟೋ ತೆಗೆದು ಎಣಿಸಿ, ನಾನು ಹಾಗೇ ಮಾಡೋದು.

ಬೋಗಾದಿ ಬಕೆಟ್

ಅದನ್ನೇ ಮಾಡಿದೆ ಅಕ್ಕ. ಹನ್ನೆರಡನೆಯದು ಫಿಲ್ಟರ್ ಪೈಪಿನ ಹಿಂದೆ ನಿಂತು ನಮ್ಮನ್ನೇ ನೋಡುತ್ತಿತ್ತು. ಅಮ್ಮ ಅದಕ್ಕೆ ಕಳ್ಳ ಅಂತ ಹೆಸರಿಟ್ಟಿದ್ದಾರೆ.